ಎಣ್ಣೆ ಸೋಸುವ ಅರಿವೆ

ಮಹಾನವಮಿಯ ಖಂಡೇಪೂಜೆಯ ದಿನ ಧಾರವಾಡ ಸೀಮೆಯಲ್ಲಿ ಯಂತ್ರಗಳಿಗೆಲ್ಲ ರಜೆ. ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಬಾವಿಯ ಪಂಪು, ಎಣ್ಣೆ ಮಿಲ್ಲಿನ ಎಕ್ಸ್‌ಪೆಲ್ಲರು ಎಲ್ಲವೂ ಮೈತೊಳೆದುಕೊಂಡು, ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಚೆಂಡು ಹೂವಿನ ಸರ ಹಾಕಿಕೊಂಡು ಕೂತಿರುತ್ತವೆ. ಅಣ್ಣಿಗೇರಿಯಂಥ ಊರಿನ ಚಿಕ್ಕ ಎಣ್ಣೆ ಮಿಲ್ಲಿನಲ್ಲಾದರೆ ದೊಡ್ಡ ಹಾರ ಎಕ್ಸ್‌ಪೆಲ್ಲರಿಗೆ, ಎರಡನೆಯದು ಮೋಟಾರಿಗೆ. ಮೂಲೆಯಲ್ಲಿ ಕಪ್ಪಗೆ, ಜಿಡ್ಡಾಗಿ, ಸಾಲಾಗಿ ನಿಲ್ಲಿಸಿದ ಬೀಡಿನ ಹಲಗೆಗಳ ಒಂದು ಯಂತ್ರವಿರುತ್ತದೆ. ಅದಕ್ಕೆ ಉಳಿದ ಹೂವು. ಅದೇ ಫಿಲ್ಟರ್ ಪ್ರೆಸ್ಸು. ಊರವರ ಬಾಯಲ್ಲಿ 'ಎಣ್ಣಿ ಸೋಸೂ ಮಶೀನು'.

ಪೂಜೆಯ ಮಾತು ಇರಲಿ. ಆ ದಿನ ಯಂತ್ರದ ಮೈ ಒರೆಸುವಾಗ ಕೈಗೆ ಹತ್ತುವ ಜಿಡ್ಡು, ಕಣ್ಣಿಗೆ ಬೀಳುವ ಸೀಳು, ಸಡಿಲಾದ ನಟ್ಟು ಇವೆಲ್ಲ ವರ್ಷಕ್ಕೊಮ್ಮೆ ಮಾತ್ರ ಕಾಣುವ ಸಂಗತಿಗಳಾದರೆ ಮಿಕ್ಕ ದಿನಗಳಲ್ಲಿ ಅದನ್ನು ನೋಡಿದವರು ಯಾರು ಎಂಬುದು ಪ್ರಶ್ನೆ. ಎಕ್ಸ್‌ಪೆಲ್ಲರು ಕೆಟ್ಟರೆ ಸದ್ದು ಮಾಡಿ ಹೇಳುತ್ತದೆ. ಪಟ್ಟಾ ಹರಿದರೆ ಮಿಲ್ಲೇ ನಿಲ್ಲುತ್ತದೆ. ಫಿಲ್ಟರ್ ಪ್ರೆಸ್ಸು ಹಾಗಲ್ಲ. ಅದು ಕೆಡುತ್ತಾ ಕೆಡುತ್ತಾ ಕೆಲಸ ಮಾಡುತ್ತಲೇ ಇರುತ್ತದೆ. ಎಣ್ಣೆ ಮಾತ್ರ ಸ್ವಲ್ಪ ಮಬ್ಬಾಗಿ ಬರುತ್ತದೆ, ಸ್ವಲ್ಪ ತಡವಾಗಿ ಬರುತ್ತದೆ, ನೆಲದ ಮೇಲೆ ಸ್ವಲ್ಪ ಸೋರುತ್ತದೆ. ಈ 'ಸ್ವಲ್ಪ'ಕ್ಕೆ ಯಾರೂ ಮಿಲ್ಲು ನಿಲ್ಲಿಸುವುದಿಲ್ಲ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಕುಸುಬಿ ಮಹಾನವಮಿಯ ಆಸುಪಾಸಿನಲ್ಲಿ ಇನ್ನೂ ಮಣ್ಣಿನಲ್ಲಿರುತ್ತದೆ. ಮಣ್ಣಿನೊಳಗಿನ ಹಸಿ, ಮುಂಜಾನೆಯ ಇಬ್ಬನಿ ಇಷ್ಟರ ಮೇಲೆಯೇ ಬೆಳೆಯುವ ಬೆಳೆ ಅದು. ಫೆಬ್ರವರಿ, ಮಾರ್ಚಿನ ಹೊತ್ತಿಗೆ ಮೈತುಂಬ ಮುಳ್ಳು ಮಾಡಿಕೊಂಡು ನಿಲ್ಲುತ್ತದೆ. ಕೈಗೆ ಅರಿವೆ ಸುತ್ತಿಕೊಂಡು ಕೊಯ್ಯಬೇಕು. ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಎ-1 ಕುಸುಬಿ ತಳಿಯ ಹೆಸರು ಈ ಭಾಗದ ಹಳೆಯ ರೈತರಿಗೆ ಬಾಯಿಪಾಠ. ಅದೇ ಕೇಂದ್ರದ ಅಣ್ಣಿಗೇರಿ-1 ಕಡಲೆ ಇನ್ನೂ ಹೆಚ್ಚು ಹೆಸರು ಮಾಡಿತು. ಕಡಲೆಗೆ ಮುಳ್ಳಿಲ್ಲ ಎಂಬುದೂ ಅದಕ್ಕೆ ಒಂದು ಕಾರಣವಾಗಿರಬಹುದು! ಮಲಪ್ರಭೆಯ ಕಾಲುವೆ ಬಂದ ಮೇಲೆ ನೀರು ಕಂಡ ಹೊಲಗಳು ಬೇರೆ ಬೆಳೆಯ ಕಡೆ ತಿರುಗಿದವು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದದ್ದು ಸಣ್ಣ ಎಣ್ಣೆ ಮಿಲ್ಲುಗಳಿಗೆ ಬಿದ್ದ ಇನ್ನೊಂದು ಪೆಟ್ಟು. ಆದರೂ ಕುಸುಬಿ ಎಣ್ಣೆಯ ರುಚಿ ಹತ್ತಿದ ಮನೆಗಳು ಅದನ್ನು ಬಿಟ್ಟಿಲ್ಲ. ತಮ್ಮ ಹೊಲದ ಕಾಳು ಒಯ್ದು, ಕಣ್ಣೆದುರು ಗಾಣಕ್ಕೆ ಹಾಕಿಸಿ, ಡಬ್ಬಿ ತುಂಬಿಸಿಕೊಂಡು ಬಂದರೇ ಸಮಾಧಾನ.

ಗಾಣದಿಂದ ಇಳಿದ ಎಣ್ಣೆ ತಿಳಿಯಾಗಿರುವುದಿಲ್ಲ. ಸಿಪ್ಪೆಯ ಚೂರು, ಕಾಳಿನ ಹಿಟ್ಟು, ಅಂಟು ಎಲ್ಲ ಕೂಡಿ ಕಂದು ಬಣ್ಣದ ರಾಡಿಯಂತೆ ಇರುತ್ತದೆ. ಎತ್ತಿನ ಗಾಣದ ಕಾಲದಲ್ಲಿ ಅದನ್ನು ಕೊಡದಲ್ಲಿಟ್ಟು, ಕೆಲವು ದಿನ ಕಾದು, ಮೇಲಿನ ತಿಳಿ ಬಗ್ಗಿಸಿಕೊಳ್ಳುತ್ತಿದ್ದರು. ಮಿಲ್ಲಿಗೆ ಅಷ್ಟು ಪುರುಸೊತ್ತು ಎಲ್ಲಿ? ಆದ್ದರಿಂದ ಪ್ರೆಸ್ಸು. ಹತ್ತೋ ಇಪ್ಪತ್ತೋ ಬೀಡಿನ ಹಲಗೆಗಳನ್ನು ಪುಸ್ತಕದ ಹಾಳೆಗಳಂತೆ ಒಂದರ ಪಕ್ಕ ಒಂದು ನಿಲ್ಲಿಸಿ, ಪ್ರತಿ ಹಲಗೆಗೂ ದಪ್ಪ ಹತ್ತಿಯ ಅರಿವೆ ಹೊದಿಸಿ, ತುದಿಯ ಸ್ಕ್ರೂ ತಿರುಗಿಸಿ ಬಿಗಿ ಮಾಡುತ್ತಾರೆ. ಪಂಪು ಎಣ್ಣೆಯನ್ನು ಹಲಗೆಗಳ ನಡುವಿನ ಸಂದಿಗೆ ನೂಕುತ್ತದೆ. ಎಣ್ಣೆ ಅರಿವೆಯನ್ನು ದಾಟಿ, ಹಲಗೆಯ ಮೇಲಿನ ಗೀರುಗಳಲ್ಲಿ ಇಳಿದು, ಕೆಳಗಿನ ನಳದಿಂದ ಹೊರಗೆ ಬೀಳುತ್ತದೆ. ಮಡ್ಡಿ ಒಳಗೇ ಉಳಿಯುತ್ತದೆ. ಅರಿವೆಗಿಂತ ಆ ಮಡ್ಡಿಯ ತೆಳು ಪದರವೇ ಮುಂದೆ ಚೆನ್ನಾಗಿ ಸೋಸುತ್ತದೆ. ಅದಕ್ಕೇ ಮೊದಲ ಕೆಲವು ನಿಮಿಷ ಬರುವ ಮಬ್ಬು ಎಣ್ಣೆಯನ್ನು ತಿರುಗಿ ಟಾಕಿಗೆ ಸುರಿಯಬೇಕು. ಡಬ್ಬಿಗೆ ಹಿಡಿಯಬಾರದು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕುಂಬಾರಿಕೆಯ ಮಣ್ಣಿನಿಂದ ನೀರು ಹಿಂಡಲು ಬಳಕೆಗೆ ಬಂದ ಯಂತ್ರ ಇದು. ಸಕ್ಕರೆ ಕಾರ್ಖಾನೆಗಳೂ ಕಬ್ಬಿನ ರಸ ಸೋಸಲು ಇದನ್ನೇ ಹಿಡಿದವು. ಕಲಘಟಗಿ ಕಡೆಯ ರೈತರು ಗೊಬ್ಬರಕ್ಕೆಂದು ಹೇರಿಸಿಕೊಂಡು ಬರುವ 'ಪ್ರೆಸ್‌ಮಡ್' ಎಂಬ ಕಪ್ಪು ಮಣ್ಣಿಗೆ ಆ ಹೆಸರು ಬಂದದ್ದು ಈ ಪ್ರೆಸ್ಸಿನಿಂದಲೇ. ಈಗ ಬಹುಪಾಲು ಕಾರ್ಖಾನೆಗಳಲ್ಲಿ ಆ ಕೆಲಸಕ್ಕೆ ಬೇರೆ ಯಂತ್ರಗಳಿವೆ, ಹೆಸರು ಮಾತ್ರ ಉಳಿದಿದೆ. ದೊಡ್ಡ ಕಾರ್ಖಾನೆಗಳ ಹೊಲಸು ನೀರಿನ ಘಟಕಗಳಲ್ಲಿ ಪ್ಲಾಸ್ಟಿಕ್ ಹಲಗೆಯ, ಹೈಡ್ರಾಲಿಕ್ಕಿನ ಪ್ರೆಸ್ಸುಗಳೂ ಇವೆ. ತತ್ವ ಒಂದೇ.

ಈ ಯಂತ್ರದ ಒಂದು ದೊಡ್ಡ ಗುಣವೆಂದರೆ ಪ್ರತಿ ಹಲಗೆಗೂ ತನ್ನದೇ ನಳ ಇರುವುದು. ಹನ್ನೆರಡು ಹಲಗೆ, ಹನ್ನೆರಡು ನಳ. ಹನ್ನೊಂದು ತಿಳಿ, ಒಂದು ಮಬ್ಬು ಬಂದರೆ ಆ ಒಂದರ ಅರಿವೆ ಹರಿದಿದೆ ಎಂದು ಅರ್ಥ. ಡಾಕ್ಟರು ಬೇಡ, ಇಂಜಿನಿಯರು ಬೇಡ. ಆ ನಳ ಬಂದ್ ಮಾಡಿ ಮಿಕ್ಕವನ್ನು ನಡೆಸಬಹುದು, ಸಂಜೆ ಬಿಚ್ಚಿದಾಗ ಆ ಅರಿವೆ ಬದಲಿಸಬಹುದು. ಇಷ್ಟು ಸ್ಪಷ್ಟವಾಗಿ ತನ್ನ ನೋವು ಹೇಳಿಕೊಳ್ಳುವ ಯಂತ್ರಗಳು ಕಡಿಮೆ. ಆದರೆ ಮಿಲ್ಲಿನಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಹೀಗೆ:

"ತಮ್ಮಾ, ನಾಕನೇ ನಳ ಮಬ್ಬ ಬರಾಕತ್ತೇತಲ್ಲೋ?"

"ಇರ್ಲಿ ಬಿಡ್ರೀ ಅಣ್ಣಾರ, ಡಬ್ಬ್ಯಾಗ ಕುಂತ ತಿಳಿ ಆಕ್ಕೈತಿ."

ಡಬ್ಬಿಯಲ್ಲಿ ಕೂತು ತಿಳಿಯಾಗುವುದು ನಿಜ. ತಳಕ್ಕೆ ಇಳಿದ ಮಡ್ಡಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅದರಲ್ಲಿ ಹಸಿ ಇರುತ್ತದೆ. ಹಸಿ ಇದ್ದಲ್ಲಿ ಎಣ್ಣೆ ಹುಳಿ ತಿರುಗುತ್ತದೆ. ಕ್ವಿಂಟಾಲು ಕುಸುಬಿಯಲ್ಲಿ ಇರುವುದೇ ಹೆಚ್ಚುಕಡಿಮೆ 30 ಕಿಲೋ ಎಣ್ಣೆ, ಗಾಣದಿಂದ ಕೈಗೆ ಬರುವುದು ಅದಕ್ಕೂ ಕಡಿಮೆ. ವರ್ಷದ ಖರ್ಚಿಗೆಂದು ಒಯ್ದ ಡಬ್ಬಿ ಮಳೆಗಾಲದ ಹೊತ್ತಿಗೆ ಕಮಟು ಹಿಡಿದರೆ ರೈತನ ಮನೆಯವರು ಬೈಯುವುದು ಕಾಳನ್ನು, ಇಲ್ಲವೇ ಡಬ್ಬಿಯನ್ನು. ನಾಲ್ಕನೆಯ ನಳದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಇನ್ನು ಸೋರುವ ಕಥೆ. ಹಲಗೆಗಳ ಸಂದಿನಿಂದ ಎಣ್ಣೆ ಜಿನುಗತೊಡಗಿತೆಂದರೆ ಮೊದಲು ನೆನಪಾಗುವುದು ಬಿಗಿ ಮಾಡುವುದು. ಸ್ಕ್ರೂವಿನ ಹಾರಿಗೆ ಇನ್ನೊಂದು ಕೊಳವೆ ಸಿಕ್ಕಿಸಿ, ಇಬ್ಬರು ಜೋತುಬಿದ್ದು ಬಿಗಿಯುತ್ತಾರೆ. ಸೋರುವುದು ಅರ್ಧ ತಾಸು ನಿಂತಂತೆ ಮಾಡಿ ಮತ್ತೆ ಶುರುವಾಗುತ್ತದೆ. ಸೋರಿಕೆಗೆ ನೂರಕ್ಕೆ ತೊಂಬತ್ತು ಪಾಲು ಕಾರಣ ಬಿಗಿ ಕಡಿಮೆಯಾದದ್ದಲ್ಲ ಎಂದು ಹಳೆಯ ಮಿಸ್ತ್ರಿಗಳು ಬಲ್ಲರು. ಹಲಗೆಯ ಅಂಚಿಗೆ ಅಂಟಿಕೊಂಡ ಒಣ ಮಡ್ಡಿ, ಅರಿವೆಯಲ್ಲಿ ಬಿದ್ದ ಒಂದು ಮಡಿಕೆ, ಇಲ್ಲವೇ ಮಡ್ಡಿ ಕೆರೆಯುವಾಗ ಕಬ್ಬಿಣದ ಪಟ್ಟಿ ತಾಗಿ ಅಂಚಿನಲ್ಲಿ ಎದ್ದ ಕಚ್ಚು, ಇವೇ ಕಾರಣ. ಮಡ್ಡಿ ಕೆರೆಯಲು ಕಟ್ಟಿಗೆಯ ಪಟ್ಟಿ ಸಾಕು. ಪ್ರತಿ ಸಲ ಬಿಚ್ಚಿದಾಗಲೂ ಹಲಗೆಯ ನಾಲ್ಕೂ ಅಂಚನ್ನು ಬಟ್ಟೆಯಿಂದ ಒರೆಸಿ, ಬೆರಳು ಆಡಿಸಿ ನೋಡಬೇಕು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಹೆಚ್ಚು ಬಿಗಿದರೆ ಬೀಡು ಬಾಗುವುದಿಲ್ಲ, ಸೀಳುತ್ತದೆ. ಸೀಳಿದ ಹಲಗೆಯ ಬೆಸುಗೆ ನಿಲ್ಲುವುದು ಅಪರೂಪ.

ಹಲಗೆ ಸೀಳಲು ಇನ್ನೊಂದು ದಾರಿಯುಂಟು, ಅದು ಇನ್ನೂ ಅಪಾಯದ್ದು. ಎಣ್ಣೆ ಒಳಗೆ ಬರುವ ತೂತುಗಳಲ್ಲಿ ಒಂದು ಮಡ್ಡಿಯಿಂದ ಕಟ್ಟಿಕೊಂಡಿತು ಎನ್ನಿ. ಹಲಗೆಯ ಒಂದು ಬದಿಗೆ ಒತ್ತಡ ತುಂಬಿದೆ, ಇನ್ನೊಂದು ಬದಿ ಖಾಲಿ. 45 ಸೆಂಟಿಮೀಟರಿನ ಚೌಕ ಹಲಗೆಯೆಂದರೆ 2,025 ಚದರ ಸೆಂಟಿಮೀಟರು. ಒಂದೊಂದು ಚದರ ಸೆಂಟಿಮೀಟರಿಗೆ 3 ಕಿಲೋ ಒತ್ತಡವಿದ್ದರೂ ಒಟ್ಟು ಭಾರ ಆರು ಟನ್ನು ದಾಟುತ್ತದೆ. ನೂರು ಕಿಲೋದ ಅರವತ್ತು ಚೀಲಗಳನ್ನು ಒಂದು ಹಲಗೆಯ ಮೇಲೆ ಒಂದೇ ಬದಿಯಿಂದ ಒರಗಿಸಿದ ಹಾಗೆ. ಎರಡೂ ಬದಿಗೆ ಸಮ ಒತ್ತಡವಿರುವ ತನಕ ಆ ಭಾರ ಹಲಗೆಗೆ ಗೊತ್ತೇ ಆಗುವುದಿಲ್ಲ. ಒಂದು ತೂತು ಕಟ್ಟಿದ ದಿನ ಗೊತ್ತಾಗುತ್ತದೆ. ಆದ್ದರಿಂದ ಬಿಚ್ಚಿದಾಗಲೆಲ್ಲ ಒಂದು ಕಡ್ಡಿ ಆಡಿಸಿ ತೂತುಗಳು ತೆರೆದಿವೆಯೋ ಇಲ್ಲವೋ ನೋಡುವುದು ಎರಡು ನಿಮಿಷದ ಕೆಲಸವಾದರೂ ಬಿಡುವಂಥದಲ್ಲ. ಪಂಪು ನಿಲ್ಲಿಸಿ, ಒತ್ತಡದ ಗಡಿಯಾರದ ಮುಳ್ಳು ಸೊನ್ನೆಗೆ ಇಳಿಯುವ ತನಕ ಸ್ಕ್ರೂ ಸಡಿಲಿಸಬಾರದು ಎಂಬುದು ಅದಕ್ಕಿಂತ ಮೊದಲಿನ ಪಾಠ. ಆ ಮುಳ್ಳು ಎಷ್ಟೋ ಕಡೆ ಒಂದೇ ಜಾಗದಲ್ಲಿ ಸಿಕ್ಕಿಕೊಂಡು ವರ್ಷಗಳಾಗಿರುತ್ತವೆ. ಸತ್ತ ಗಡಿಯಾರಕ್ಕಿಂತ ಗಡಿಯಾರ ಇಲ್ಲದಿರುವುದೇ ಮೇಲು. ಕನಿಷ್ಠ ಅದು ಸುಳ್ಳು ಹೇಳುವುದಿಲ್ಲ.

ಅರಿವೆಯ ವಿಷಯಕ್ಕೆ ಬಂದರೆ ಶೇಂಗಾ ಬೇರೆ, ಕುಸುಬಿ ಬೇರೆ. ಗಾಳಿ ತಾಗಿದರೆ ಕುಸುಬಿ ಎಣ್ಣೆ ಒಣಗುತ್ತದೆ. ನೀರು ಆರಿದಂತೆ ಆರುವುದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಅಂಟಾಗಿ, ಕೊನೆಗೆ ವಾರ್ನಿಶ್ಶಿನಂತೆ ಗಟ್ಟಿಯಾಗುವುದು. ಬಾಗಿಲಿಗೆ ಅಗಸಿ ಎಣ್ಣೆ ಹಚ್ಚಿದವರಿಗೆ ಇದು ಗೊತ್ತು. ಎಣ್ಣೆಗೆ ಈ ಗುಣ ಎಷ್ಟಿದೆ ಎಂದು ಅಳೆಯುವ ಆಯೋಡಿನ್ ಅಂಕಿ ಶೇಂಗಾ ಎಣ್ಣೆಗೆ 90ರ ಸುತ್ತ, ಕುಸುಬಿಗೆ 140ರ ಸುತ್ತ, ಅಗಸಿಗೆ 180ರ ಸುತ್ತ. ಕುಸುಬಿ ಎಣ್ಣೆಯನ್ನು ಬಣ್ಣದ ಕಾರ್ಖಾನೆಗಳು ಕೊಳ್ಳುವುದೂ ಈ ಕಾರಣಕ್ಕೇ. ಶೇಂಗಾ ಸೋಸಿದ ಅರಿವೆ ನಾಲ್ಕು ದಿನ ಕಾದೀತು. ಕುಸುಬಿಯದು ಕಾಯುವುದಿಲ್ಲ. ಎರಡು ದಿನ ಹಾಗೇ ಬಿಟ್ಟರೆ ಎಳೆಗಳ ನಡುವೆ ಅಂಟು ಕೂತು, ಅರಿವೆ ತಗಡಿನಂತೆ ಸೆಟೆದುಕೊಳ್ಳುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಅದರ ಕಣ್ಣು ತೆರೆಯುವುದಿಲ್ಲ.

ಇದು ಹಣದ ನಷ್ಟ. ಇದಕ್ಕಿಂತ ದೊಡ್ಡದು ಬೆಂಕಿಯ ಭಯ. ಎಣ್ಣೆ ಆಮ್ಲಜನಕ ಹೀರುವಾಗ ಸ್ವಲ್ಪ ಶಾಖ ಹುಟ್ಟುತ್ತದೆ. ಅರಿವೆ ಹಗ್ಗದ ಮೇಲೆ ಬಿಡಿಸಿದ್ದರೆ ಆ ಶಾಖವನ್ನು ಗಾಳಿ ಒಯ್ಯುತ್ತದೆ. ಅದೇ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ಶಾಖಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಒಳಗೆ ಬಿಸಿಯೇರುತ್ತದೆ, ಬಿಸಿಯೇರಿದಷ್ಟೂ ಎಣ್ಣೆ ಇನ್ನೂ ಬೇಗ ಆಮ್ಲಜನಕ ಹೀರುತ್ತದೆ, ಇನ್ನೂ ಬಿಸಿಯೇರುತ್ತದೆ. ಕೆಲವು ತಾಸುಗಳಲ್ಲಿ ಬೀಡಿ ಇಲ್ಲದೆ, ಕಡ್ಡಿ ಇಲ್ಲದೆ, ಕರೆಂಟಿನ ಕಿಡಿ ಇಲ್ಲದೆ ಹೊಗೆಯಾಡಬಹುದು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1991ರ ಫೆಬ್ರವರಿ 23ರ ರಾತ್ರಿ 38 ಮಾಳಿಗೆಯ ಒಂದು ಕಟ್ಟಡಕ್ಕೆ ಬೆಂಕಿ ಹತ್ತಿ ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಮೂಲ ಹುಡುಕಿದಾಗ ಸಿಕ್ಕದ್ದು ಕಟ್ಟಿಗೆಗೆ ಅಗಸಿ ಎಣ್ಣೆ ಒರೆಸಿ ಬಿಟ್ಟುಹೋದ ಚಿಂದಿ ಅರಿವೆಗಳ ಗುಡ್ಡೆ. ಅಣ್ಣಿಗೇರಿಯ ಮಿಲ್ಲಿನ ಮೂಲೆಯಲ್ಲಿ ಬೀಳುವುದೂ ಅಂಥದೇ ಗುಡ್ಡೆ. ಪಕ್ಕದಲ್ಲಿ ಹಿಂಡಿಯ ಚೀಲಗಳು, ಹೊರಗೆ ಮಾರ್ಚಿನ ಬಿಸಿಲು, ತಲೆಯ ಮೇಲೆ ಕಾದ ತಗಡು. ರಾತ್ರಿ ಕಾವಲಿಗೆ ಮಲಗುವವನ ಹಾಸಿಗೆಯೂ ಬಹಳ ಸಲ ಆ ಚೀಲಗಳ ಬದಿಗೇ ಇರುತ್ತದೆ.

ಬಿಚ್ಚಿದ ಅರಿವೆ ಅವತ್ತೇ ತೊಳೆಯಬೇಕು. ಆಗದಿದ್ದರೆ ನೀರಿನ ಹೌದಿನಲ್ಲಿ ಪೂರಾ ಮುಳುಗಿಸಿಡಬೇಕು, ಇಲ್ಲವೇ ಹೊರಗೆ ಒಂದೊಂದಾಗಿ ಬಿಡಿಸಿ ಹಾಕಬೇಕು. ಮುದ್ದೆ ಮಾತ್ರ ಕೂಡದು. ಹಳೆಯದೆಂದು ಬಿಸಾಕಿದ ಅರಿವೆಗೂ, ಕೈ ಒರೆಸುವ ಚಿಂದಿಗೂ ಇದೇ ಮಾತು.

ತೊಳೆಯುವುದು ಸರಳವಲ್ಲ. ಈ ಸೀಮೆಯ ನೀರಿನ ಸುದ್ದಿ ಗೊತ್ತಿದ್ದದ್ದೇ. ನವಲಗುಂದ, ಅಣ್ಣಿಗೇರಿಯ ಎಷ್ಟೋ ಬಾವಿ, ಬೋರುಗಳ ನೀರು ಸವಳು. ಸಾಬೂನು ಹಾಕಿದರೆ ನೊರೆ ಏಳುವ ಬದಲು ಮೊಸರು ಒಡೆದಂತೆ ಬಿಳಿ ಚೂರಾಗುತ್ತದೆ. ಆ ಚೂರು ನೀರಿನ ಸುಣ್ಣದಂಶ ಮತ್ತು ಸಾಬೂನು ಕೂಡಿ ಆದದ್ದು, ನೀರಿನಲ್ಲಿ ಕರಗದ್ದು. ಎಣ್ಣೆ ತೆಗೆಯಲು ಹೋಗಿ ಅರಿವೆಯ ಕಣ್ಣಿಗೆ ಮಯಣ ಮೆತ್ತಿದ ಹಾಗೆ ಆಗುತ್ತದೆ. ಇನ್ನಷ್ಟು ಸಾಬೂನು ಹಾಕಿದರೆ ಇನ್ನಷ್ಟು ಮಯಣ. ಅದಕ್ಕೆ ಕೆರೆಯ ನೀರೋ ಹಿಡಿದಿಟ್ಟ ಮಳೆಯ ನೀರೋ ಆದರೆ ಉತ್ತಮ. ಬೋರಿನ ನೀರೇ ಗತಿಯಾದರೆ ಹಿಂದಿನ ರಾತ್ರಿ ಒಗೆಯುವ ಸೋಡಾ ಕಲಸಿಟ್ಟು, ತಳಕ್ಕೆ ಬಿಳಿ ಇಳಿದ ಮೇಲೆ ಮೇಲಿನ ತಿಳಿ ತೆಗೆದುಕೊಳ್ಳಬೇಕು. ಆ ನೀರನ್ನು ಕಾಯಿಸಿ, ಮತ್ತೆ ಸ್ವಲ್ಪ ಸೋಡಾ ಹಾಕಿ, ಅರಿವೆ ನೆನೆಸಿ, ಕಲ್ಲಿಗೆ ಬಡಿಯದೆ ಮೆತ್ತಗಿನ ಬ್ರಶ್ಶಿನಿಂದ ಉಜ್ಜಬೇಕು. ಕೆಲವರು ಕಾಸ್ಟಿಕ್ ಸೋಡಾ ಸುರಿಯುತ್ತಾರೆ. ಜಿಡ್ಡು ಬೇಗ ಹೋಗುವುದು ನಿಜ, ಅದರ ಸಂಗಡ ತೊಳೆಯುವವರ ಅಂಗೈ ತೊಗಲೂ ಹೋಗುತ್ತದೆ. ರಬ್ಬರು ಕೈಚೀಲ, ಕಣ್ಣಿಗೆ ಕನ್ನಡಕ ಇಲ್ಲದೆ ಅದನ್ನು ಮುಟ್ಟಿಸಬಾರದು.

ಮುಟ್ಟುವವರು ಯಾರು ಎಂಬುದೂ ಇಲ್ಲಿ ಹೇಳಬೇಕಾದ ಮಾತೇ. ಎಕ್ಸ್‌ಪೆಲ್ಲರಿಗೆ ಮಿಸ್ತ್ರಿ ಇದ್ದಾನೆ, ತೂಕಕ್ಕೆ ಗುಮಾಸ್ತ ಇದ್ದಾನೆ, ಚೀಲಕ್ಕೆ ಹಮಾಲ ಇದ್ದಾನೆ. ಅರಿವೆ ತೊಳೆಯುವುದಕ್ಕೆ ಪ್ರತ್ಯೇಕ ಪಗಾರ ಇಲ್ಲ. ಕಸ ಹೊಡೆಯಲು ಬರುವ ಹೆಣ್ಣುಮಗಳೋ, ಹೊಸದಾಗಿ ಸೇರಿದ ಹುಡುಗನೋ ಉಳಿದ ಕೆಲಸ ಮುಗಿಸಿ, ಹೊತ್ತು ಉಳಿದರೆ ಮಾಡುವ ಕೆಲಸ ಅದು. ಎಣ್ಣೆಯ ಗುಣ ನಿಂತಿರುವುದೂ, ಬೆಂಕಿ ತಡೆಯುವುದೂ ಆ ಉಳಿದ ಹೊತ್ತಿನ ಮೇಲೆ. 1948ರ ಫ್ಯಾಕ್ಟರಿ ಕಾಯಿದೆ ಬಂದಾಗ ಕರೆಂಟು ಬಳಸುವ ಕಡೆ ಹತ್ತು ಜನ ಇದ್ದರೆ ಮಾತ್ರ ಅದರ ಲೆಕ್ಕಕ್ಕೆ ಬರುತ್ತಿತ್ತು. ನಾಲ್ಕೈದು ಜನರ ಮಿಲ್ಲಿನ ಬಾಗಿಲಿಗೆ ಇನ್‌ಸ್ಪೆಕ್ಟರು ಬಂದು ಅರಿವೆ ಎಲ್ಲಿ ಒಣಹಾಕಿದ್ದೀರಿ ಎಂದು ಕೇಳುವ ಪ್ರಸಂಗವೇ ಇರಲಿಲ್ಲ. 1998ರಲ್ಲಿ ದಿಲ್ಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆ ಉಂಡು ಜನ ಸತ್ತಾಗ ಸರಕಾರ ಬಿಡಿ ಎಣ್ಣೆಯ ಮಾರಾಟಕ್ಕೆ ಕಟ್ಟು ಹಾಕಿ ಪ್ಯಾಕಿಂಗಿನ ಆಜ್ಞೆ ತಂದಿತು. ಅದು ನೋಡಿದ್ದು ಡಬ್ಬಿಯ ಬಾಯಿಯನ್ನು. ಅರಿವೆಯ ಮಾತು ಅಲ್ಲಿಯೂ ಬರಲಿಲ್ಲ.

ಪಂಪಿನ ಗ್ಲ್ಯಾಂಡಿನಲ್ಲಿ ದಾರದ ಪ್ಯಾಕಿಂಗು ಸವೆದಿದೆಯೇ, ಸ್ಕ್ರೂವಿನ ಹಲ್ಲಿಗೆ ಗ್ರೀಸು ಇದೆಯೇ, ಹಲಗೆಗಳು ಜಾರುವ ಎರಡು ಪಕ್ಕದ ಸರಳುಗಳು ಸ್ವಚ್ಛವಿವೆಯೇ ಎಂಬುದೆಲ್ಲ ವಾರದ ಕೆಲಸ. ಹೆಚ್ಚು ಹೇಳುವುದೇನಿಲ್ಲ, ಮಾಡಿದರಾಯಿತು. ಹೇಳಬೇಕಾದದ್ದು ಒಂದು ವಹಿಯ ಬಗ್ಗೆ. ಮಿಲ್ಲಿನ ಗಲ್ಲಾಪೆಟ್ಟಿಗೆಯ ಮೇಲೆ ಉದ್ರಿ ವಹಿ, ರೋಕಡ ವಹಿ ಎಲ್ಲ ಇರುತ್ತವೆ. ಎರಡು ರೂಪಾಯಿ ಬಾಕಿಗೂ ದಾಖಲೆ ಉಂಟು. ಪ್ರೆಸ್ಸಿಗೆ ಮಾತ್ರ ಯಾವ ವಹಿಯೂ ಇಲ್ಲ. ಶಾಲೆಯ ಹುಡುಗರ ಒಂದು ನೂರು ಪುಟದ ನೋಟ್‌ಬುಕ್ಕು, ದಾರಕ್ಕೆ ಕಟ್ಟಿದ ಒಂದು ಪೆನ್ಸಿಲು ಅದರ ಬದಿಗೆ ತೂಗುಹಾಕಿದರೆ ಸಾಕು. ಇವತ್ತು ಎಷ್ಟು ತಾಸಿಗೆ ಬಿಚ್ಚಬೇಕಾಯಿತು, ಬಿಚ್ಚುವಾಗ ಒತ್ತಡ ಎಷ್ಟಿತ್ತು, ಯಾವ ನಳ ಮಬ್ಬು ಬಂತು, ಅರಿವೆ ಯಾವಾಗ ತೊಳೆದದ್ದು. ನಾಲ್ಕು ಸಾಲು. ಮೊದಲು ಆರು ತಾಸಿಗೆ ಬಿಚ್ಚುತ್ತಿದ್ದದ್ದು ಈಗ ಮೂರೇ ತಾಸಿಗೆ ಬಂದಿದೆ ಎಂದು ವಹಿ ತೋರಿಸಿದರೆ, ಅರಿವೆಯ ಕಣ್ಣು ಮುಚ್ಚುತ್ತಿದೆ ಎಂದು ಮಿಲ್ಲು ನಿಲ್ಲುವ ಮೊದಲೇ ತಿಳಿಯುತ್ತದೆ. ನೆನಪಿನಿಂದ ಇದು ತಿಳಿಯುವುದಿಲ್ಲ. ಸುಗ್ಗಿಯಲ್ಲಿ ಯಾರಿಗೂ ನಿನ್ನೆಯದು ನೆನಪಿರುವುದಿಲ್ಲ.

"ಬರಿಯಾಕ ಎಲ್ಲಿ ಹೊತ್ತ ಐತ್ರೀ ಸಾವಕಾರ್ರ?" ಎಂದು ಮಿಲ್ಲಿನ ಹುಡುಗ ಕೇಳುವುದು ತಪ್ಪಲ್ಲ. ಹೊರಗೆ ಚಕ್ಕಡಿ, ಟ್ರ್ಯಾಕ್ಟರು ಸಾಲು ನಿಂತಿರುತ್ತವೆ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿರುವುದಿಲ್ಲ. ಅದಕ್ಕೇ ಅರಿವೆಗಳು ಎರಡು ಜೊತೆ ಇರಬೇಕು ಎನ್ನುವುದು. ಒಂದು ಜೊತೆ ಯಂತ್ರದ ಮೇಲೆ, ಒಂದು ಹಗ್ಗದ ಮೇಲೆ. ಒಂದೇ ಜೊತೆ ಇದ್ದಲ್ಲಿ ತೊಳೆಯುವುದೆಂದರೆ ಮಿಲ್ಲು ನಿಲ್ಲಿಸುವುದು, ಆದ್ದರಿಂದ ತೊಳೆಯುವುದೇ ಇಲ್ಲ. ತೊಳೆದರೂ ಪೂರಾ ಒಣಗುವ ಮೊದಲೇ ಹೊದಿಸುತ್ತಾರೆ. ಹಸಿ ಹತ್ತಿ ಉಬ್ಬಿಕೊಂಡು ಎಣ್ಣೆಗೆ ದಾರಿ ಬಿಡುವುದಿಲ್ಲ, ಎಣ್ಣೆಗೆ ನೀರೂ ಸೇರುತ್ತದೆ.

ಹೊಸ ಜೊತೆ ತರುವವರು ಸುಗ್ಗಿಗೆ ಮುಂಚೆಯೇ, ಜನವರಿಯಲ್ಲಿ ಹುಬ್ಬಳ್ಳಿಗೆ ಹೋದಾಗ ತಂದಿಟ್ಟುಕೊಳ್ಳುವುದು ವಾಸಿ. ದಪ್ಪ ನೇಯ್ಗೆಯ ಹತ್ತಿಯ ಅರಿವೆ ಮೊದಲ ನೀರಿಗೆ ಸೇದಿಕೊಳ್ಳುತ್ತದೆ. ಅಂಗಡಿಯಿಂದ ತಂದ ದಿನವೇ ಹಲಗೆಯ ಮೇಲಿಟ್ಟು ತೂತು ಕತ್ತರಿಸಿದರೆ ಒಂದು ಸಲ ತೊಳೆದ ಮೇಲೆ ಅರಿವೆಯ ತೂತು ಒಂದು ಕಡೆ, ಹಲಗೆಯ ತೂತು ಒಂದು ಕಡೆ ಆಗುತ್ತದೆ. ಮೊದಲು ನೆನೆಸಬೇಕು, ಒಣಗಿಸಬೇಕು, ಆಮೇಲೆ ಕತ್ತರಿ ಹಾಕಬೇಕು.